ಗಲ್ಲಾದ ಕುರ್ಚಿಯೂ ಗಟ್ಟಿ ಮೂಳೆಯೂ

ಎಲ್ಲ ರಾಮಾಯಣಕ್ಕೂ ಕಾರಣ ಒಂದು ಕೋಟು.

ಆ ಬಟ್ಟೆ ಅಂಗಡಿಯಲ್ಲಿ ಮಾರಾಟದ ಕೆಲಸಕ್ಕಿದ್ದ ಇಬ್ಬರೂ ಮೊದಲು ಒಂದೇ ಗಾತ್ರದವರು. ಯಜಮಾನರು ಹಿರಿಯವನನ್ನು ದೊಡ್ಡ ಗುಂಡು, ಕಿರಿಯವನನ್ನು ಚಿಕ್ಕ ಗುಂಡು ಎಂದು ಕರೆಯುತ್ತಿದ್ದರು. ಚಿಕ್ಕ ಗುಂಡು ಈಚೆಗೆ ಊಟ ಬಿಟ್ಟು, ಯಾವುದೋ ಡಬ್ಬಿಯ ಮಾತ್ರೆ ನುಂಗಿ, ನೋಡನೋಡುತ್ತಲೇ ಕಡ್ಡಿಯಾಗಿಬಿಟ್ಟಿದ್ದ. ಇವತ್ತು ಬೆಳಿಗ್ಗೆ ಯಜಮಾನರು ಹೊಸ ಕೋಟನ್ನು ಅವನಿಗೆ ತೊಡಿಸಿ ಬಾಗಿಲಲ್ಲೇ ನಿಲ್ಲಿಸಿದರು.

"ಆಹಾ! ಗೊಂಬೆಗಿಂತ ಇವನಿಗೇ ಚೆನ್ನಾಗಿ ಕೂತಿದೆ ಕಣ್ರೋ!"

ದೊಡ್ಡ ಗುಂಡುವಿನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಬರೀ ಹೊಗಳಿಕೆಯಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆದರೆ ಗಲ್ಲಾದಲ್ಲಿ ಕೂರುತ್ತಿದ್ದ ಅಜ್ಜ ನಿನ್ನೆ ಕೆಲಸ ಬಿಟ್ಟಿದ್ದರು. ಹೊಲಿಗೆ ಬಿಟ್ಟರೆ ಇಡೀ ಅಂಗಡಿಯಲ್ಲಿ ಕೂತು ಮಾಡುವ ಕೆಲಸ ಅದೊಂದೇ. ಆ ಕುರ್ಚಿ ಯಾರಿಗೆಂದು ಯಜಮಾನರು ಸಂಜೆ ಹೇಳುವವರಿದ್ದರು. ದಿನವಿಡೀ ನಿಂತು ಕಾಲು ಊದಿಸಿಕೊಳ್ಳುವವನಿಗೆ ಅದು ಸಿಂಹಾಸನ.

ಅವನು ತಿಂಡಿ ಬಿಟ್ಟ. ಚಿಕ್ಕ ಗುಂಡುವಿನ ಚೀಲದಿಂದ ಎರಡು ಮಾತ್ರೆ ಕದ್ದು ನುಂಗಿದ. ಆಮೇಲೆ ಗಳಿಗೆಗೊಮ್ಮೆ ಕನ್ನಡಿಯ ಮುಂದೆ ಹೋಗಿ ನಿಂತ.

"ಹಾಗೆ ಗುರಾಯಿಸಿದ್ರೆ ಹೊಟ್ಟೆ ಹೆದರ್ಕೊಂಡು ಒಳಗೆ ಹೋಗಲ್ಲ ಕಣ್ರೀ," ಎಂದಳು ಮೂಲೆಯಲ್ಲಿ ಕೂತ ಹೊಲಿಗೆ ಅಕ್ಕ.

ಮಧ್ಯಾಹ್ನ ಚಿಕ್ಕ ಗುಂಡು ಕೋಟು ಕಳಚಿಟ್ಟು ನೀರು ಕುಡಿಯಲು ಹೋದ. ಇದೇ ಸಮಯ! ದೊಡ್ಡ ಗುಂಡು ಕೋಟಿನೊಳಗೆ ತೂರಿಕೊಂಡ. ಉಸಿರು ಎಳೆದು ಗುಂಡಿಯನ್ನೂ ಹಾಕಿದ. ಅಷ್ಟರಲ್ಲಿ ಗಿರಾಕಿಯೊಬ್ಬರು, "ಆ ಮೇಲಿನ ನೀಲಿ ಬಟ್ಟೆ ತೋರಿಸಿ," ಎಂದರು. ಯಜಮಾನರು ನೋಡುತ್ತಿದ್ದಾರೆ. ಬಿಡುವುದುಂಟೇ? ಏಣಿ ಹತ್ತಿದ.

ತುದಿಗೆ ಹೋದಮೇಲೆ ಗೊತ್ತಾಯಿತು, ಆ ಕೋಟಿನಲ್ಲಿ ಕೈ ಎತ್ತುವುದಕ್ಕೇ ಆಗುವುದಿಲ್ಲ. ಆದರೂ ಎತ್ತಿದ. ಹೊಲಿಗೆ ಪರ್ರೆಂದಿತು, ಗುಂಡಿ ಹಾರಿತು, ಹಸಿದ ತಲೆ ಗಿರ್ರೆಂದು ತಿರುಗಿತು, ಕಾಲು ಏಣಿಯಿಂದ ಜಾರಿತು.

"ಅಣ್ಣಾ!" ಎಂದು ಚಿಕ್ಕ ಗುಂಡು ಓಡಿಬಂದು ಕೈ ಚಾಚಿದ. ಮೂಟೆ ಹಿಡಿಯಲು ಛತ್ರಿ ಚಾಚಿದ ಹಾಗಾಯಿತು.

ಯಜಮಾನರು ಇಬ್ಬರನ್ನೂ ಡಾಕ್ಟರ ಬಳಿಗೆ ಎಳೆದೊಯ್ದರು. ಬಿದ್ದವನಿಗೆ ತರಚಿದ ಗಾಯವೂ ಇಲ್ಲ, ಹಿಡಿದವನ ಬಲಗೈ ಮುರಿದಿತ್ತು.

ಡಾಕ್ಟರು ಇಬ್ಬರ ಮೂಳೆಯನ್ನೂ ಪರೀಕ್ಷೆ ಮಾಡಿಸಿದರು. "ನಿಮ್ಮ ಮೂಳೆ ಕಲ್ಲಿದ್ದ ಹಾಗಿದೆ. ಇಷ್ಟು ವರ್ಷ ಇಷ್ಟು ಭಾರ ಹೊತ್ತಿದೆಯಲ್ಲ!" ಎಂದು ದೊಡ್ಡ ಗುಂಡುವಿಗೆ ಹೇಳಿ, ಚಿಕ್ಕವನತ್ತ ತಿರುಗಿದರು. "ಯಾರನ್ನ ಕೇಳಿ ಆ ಮಾತ್ರೆ ನುಂಗಿದ್ರಿ? ಊಟ ಬಿಟ್ಟು, ಬೊಜ್ಜಿನ ಜೊತೆ ಮೂಳೇನೂ ಸವೆಸಿಕೊಂಡಿದ್ದೀರಿ. ಮೂಳೆಗೆ ಬೇಕಾದ ಮಾತ್ರೇನೇ ಬೇರೆ, ನಾನು ಬರೆದುಕೊಡ್ತೀನಿ. ಹಾಲು ಕುಡೀರಿ, ಬಿಸಿಲಿಗೆ ಹೋಗಿ, ಹೊಟ್ಟೆ ತುಂಬ ತಿನ್ನಿ."

ದೊಡ್ಡ ಗುಂಡುವಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಂಗಡಿಗೆ ಬಂದವನೇ ಎಲ್ಲರೆದುರು ಎದೆಯುಬ್ಬಿಸಿದ.

"ಕೇಳಿದ್ರಾ ಯಜಮಾನ್ರೇ? ನನ್ನ ಮೂಳೆ ಕಲ್ಲಂತೆ ಕಲ್ಲು! ಇವನದು ಬರೀ ಸೀಮೆಸುಣ್ಣ!"

"ಸರಿ ಬಿಡು, ನನ್ನ ತಲೆನೋವೇ ತಪ್ಪಿತು," ಎಂದರು ಯಜಮಾನರು. "ಕಲ್ಲಿಗೆ ಕುರ್ಚಿ ಯಾಕೋ? ಸೀಮೆಸುಣ್ಣ ಗಲ್ಲಾದಲ್ಲಿ ಕೂರ್ಲಿ. ಇನ್ಮೇಲೆ ಏಣಿ ಹತ್ತೋದೆಲ್ಲ ನಿಂದೇ. ಬಿದ್ರೂ ನಿನಗೇನೂ ಆಗಲ್ಲವಲ್ಲ!"

ಸಂಜೆ ಯಜಮಾನರ ಮನೆಯಿಂದ ಚಿಕ್ಕ ಗುಂಡುವಿಗೆಂದು ಬಿಸಿಬಿಸಿ ಊಟದ ಡಬ್ಬಿ ಬಂತು. ಅದರ ಘಮಲು ಏಣಿಯ ತುದಿಯವರೆಗೂ ಏರಿತು.

"ಅಣ್ಣಾ," ಚಿಕ್ಕ ಗುಂಡು ಕುರ್ಚಿಯಿಂದಲೇ ಕರೆದ, "ಒಂದೇ ಕೈಯಲ್ಲಿ ಆಗ್ತಿಲ್ಲ. ಸ್ವಲ್ಪ ಮುಚ್ಚಳ ತೆಗೆದುಕೊಡ್ತೀರಾ?"

ಬೆಳಿಗ್ಗೆಯಿಂದ ಉಪವಾಸವಿದ್ದ ದೊಡ್ಡ ಗುಂಡು ಏಣಿ ಇಳಿದು ಬಂದು ತೆಗೆದುಕೊಟ್ಟ.