ಮಾವನ ಬೇಟನ್ನೂ ಮೂರ್ನಾಡಿನ ವಾಲಗವೂ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಇಡೀ ರಾಜ್ಯಕ್ಕಿದ್ದ ಏಕೈಕ ಸಿಂಫನಿ ಕಂಡಕ್ಟರ್ ನನ್ನ ಸೋದರಮಾವ. ನಗಬೇಡಿ! ಆರ್ಕೆಸ್ಟ್ರಾ ಒಂದು ಇರಲಿಲ್ಲ, ಅಷ್ಟೇ. ಅದು ಅವರ ತಪ್ಪೇ?

ಯುದ್ಧಕಾಲದಲ್ಲಿ ಮಿಲಿಟರಿಯಲ್ಲಿದ್ದಾಗ, ಯಾವುದೋ ದೂರದ ಊರಿನ ಹಾಲ್‌ನಲ್ಲಿ ಒಬ್ಬಾತ ಬರೀ ಕಡ್ಡಿಯಾಡಿಸಿ ಎಂಬತ್ತು ವಾದಕರನ್ನು ನಡೆಸಿದ್ದನ್ನು ಅವರು ಕಂಡಿದ್ದರು. ಅಂದಿನಿಂದ ಒಂದೇ ಆಸೆ: ಸಾಯುವುದರೊಳಗೆ ಒಮ್ಮೆ, ಜೀವವಿರುವ ವಾದಕರು ತಾನು ಹೇಳಿದಂತೆ ಬಾರಿಸಬೇಕು! ಟ್ರೇನಿಂಗ್? ಅಂಚೆಯಲ್ಲಿ ತರಿಸಿದ ಇಂಗ್ಲಿಷ್ ಪುಸ್ತಕ, ಕಾಫಿ ಕೊಂಬೆಯಿಂದ ಕೆತ್ತಿದ ಬೇಟನ್ ಎಂಬ ಕಡ್ಡಿ, ಒಂದು ಗ್ರಾಮಫೋನ್. ಪುಸ್ತಕದ ಅರ್ಥ ಹೇಳಲು, ರಜೆಗೆ ಕಾನ್ವೆಂಟಿನಿಂದ ಬರುತ್ತಿದ್ದ ನಾನು.

ಗ್ರಾಮಫೋನಿನ ಕೀ ಇಳಿದು ಸಿಂಫನಿ ಹಸಿದ ಎಮ್ಮೆಯಂತೆ ನರಳತೊಡಗಿದರೆ ಮಾವನ ಕೈಯೂ ನಿಧಾನವಾಗುತ್ತಿತ್ತು.

“ಕೀ ಕೊಡಬಾರ್ದಾ?” ಎನ್ನುತ್ತಿದ್ದರು ಅತ್ತೆ.

“ಸುಮ್ನಿರೇ! ಪ್ಲೇಯರ್ಸ್‌ಗೆ ಸುಸ್ತಾಗಿದೆ.”

ಇನ್ನು ತೋಟದಲ್ಲಿ? ಮುಂದಿನ ಅರೇಬಿಕಾ ಗಿಡಗಳು ವಯೊಲಿನ್, ಹಿಂದಿನ ರೊಬಸ್ಟಾ ಡಬಲ್ ಬೇಸ್. ಪಿಕ್ಕಿಂಗ್ ಲೆಕ್ಕ ಹಿಡಿದು ನಡುವೆ ನುಗ್ಗಿದ ತೋಟದ ಗುಮಾಸ್ತ ರೈಟರ್‌ಗೆ ಒಮ್ಮೆ ಗದರಿಕೆ: “ಏನ್ರೀ, ಸೆಲ್ಲೋಗಳನ್ನ ತುಳೀತೀರಾ!”

ಮೂರ್ನಾಡಿನಲ್ಲಿ ನನ್ನ ಮದುವೆ. ವಾಲಗದವರು ಬಂದರು, ನೆಂಟರು ಕುಣಿಯಲು ಇಳಿದರು. ಜೀವವಿರುವ ನಾಲ್ವರು ವಾದಕರು! ಮಾವ ಕೋಟು ತೊಟ್ಟು, ಸ್ಟೂಲು ಹತ್ತಿ, ಬೇಟನ್ ಎತ್ತಿದರು. ಒಬ್ಬನೂ ನೋಡಲಿಲ್ಲ.

“ಅಯ್ಯಾ, ಸ್ವಲ್ಪ ಆಚೆ ನಿಲ್ಲಿ. ಕಾಣ್ತಿಲ್ಲ,” ಎಂದ ಡೋಲಿನವನು.

“ಏನೋ ಕಾಣ್ಬೇಕು? ನನ್ನ ಕೈ ನೋಡಿ ಬಾರಿಸು!”

“ಕೈಯಾ? ಕುಣಿಯೋರ ಕಾಲು ನೋಡಿ ಬಾರಿಸೋದಲ್ವಾ ನಾವು?”

ಚಪ್ಪರವೆಲ್ಲ ನಕ್ಕಿತು. ಮಾವನ ಮುಖ ಮಾತ್ರ ನೋಡುವಂತಿರಲಿಲ್ಲ. ಆಗ ಅತ್ತೆ ಎಂದರು, “ಇಳೀರಿ ಕೆಳಗೆ. ಕಾಲೂ ಉಂಟಲ್ಲ ನಿಮ್ಗೆ?”

ಹುಟ್ಟಿದಂದಿನಿಂದ ಕುಣಿಯದ ಮನುಷ್ಯ! ಬೇಟನ್ ಜೇಬಿಗಿಳಿಸಿ, ಅಂಜುತ್ತ ಹೆಜ್ಜೆ ಹಾಕಿದರು. ಡೋಲು ಅಂಜುತ್ತ ನುಡಿಯಿತು. ಬೀಸಿ ಹಾಕಿದರು, ಬೀಸಿ ನುಡಿಯಿತು. ಫಕ್ಕನೆ ಒಂಟಿಕಾಲಿನಲ್ಲಿ ಕೊಕ್ಕರೆಯಂತೆ ನಿಂತರು. ವಾಲಗವೂ ನಿಂತಿತು! ಅಡುಗೆಯವರು ಏನಾಯಿತೆಂದು ಸೌಟು ಹಿಡಿದೇ ಓಡಿಬಂದರು. ಮಾವ ಎತ್ತಿದ್ದ ಕಾಲನ್ನು ನೆಲಕ್ಕಿಟ್ಟರು ನೋಡಿ, ಡೋಲು ಧಡ್ಡ್!

“ಬೇಬಿ!” ಎಂದು ಮದುಮಗಳಾದ ನನ್ನತ್ತ ಕೂಗಿದರು, “ದೇ ಆರ್ ಫಾಲೋಯಿಂಗ್ ಮೀ!”

ಆಮೇಲೆ ಆ ಡೋಲಿನವನಿದ್ದ ಮದುವೆಗಳೆಲ್ಲ ಮಾವನ ಕಾನ್ಸರ್ಟ್‌ಗಳೇ. ಕರೆಯದಿದ್ದರೂ!

ಮಾವ ತೀರಿಕೊಂಡಾಗ, ಪದ್ಧತಿಯಂತೆ ವಾಲಗ ಕರೆಸಿದೆವು. ಅದೇ ಡೋಲಿನವನು ಬಂದ. ತಲೆ ಪೂರ್ತಿ ನರೆತಿತ್ತು. ನಾನು ಮಾವನ ಕೈಗೆ ಬೇಟನ್ ಇಟ್ಟಿದ್ದೆ. ಅವನು ಅದನ್ನು ನೋಡಲೇ ಇಲ್ಲ. ಡೋಲು ಹೆಗಲಿಗೇರಿಸಿ, ಕೋಲೆತ್ತಿ, ಹೊದಿಕೆಯ ಹೊರಗಿದ್ದ ಮಾವನ ಪಾದಗಳನ್ನೇ ನೋಡುತ್ತ ನಿಂತ.

“ಶುರು ಮಾಡಪ್ಪಾ,” ಎಂದರು ಯಾರೋ.

“ಇರಿ,” ಎಂದ, ಕಣ್ಣು ಕೀಳದೆ.