ನಿಂತ ಟಂಟಂನಲ್ಲಿ ಕುಳಿತ ಕವಿ

ನಾನು ಕವಿ ಎಂದು ಹೇಳಿಕೊಳ್ಳಲು ಯಾವತ್ತೂ ನಾಚಿಕೊಂಡವನಲ್ಲ. ನನ್ನ ಕವಿತೆ ಎಲ್ಲಿ ಹುಟ್ಟುತ್ತದೆ ಎಂದು ಹೇಳಲು ಮಾತ್ರ ಇಂದಿಗೂ ನಾಚಿಕೆ. ಬೇರೆಯವರಿಗೆ ನದೀತೀರ, ಏಕಾಂತ ಎಂದು ಏನೇನೋ ಬೇಕು. ಗೋಕಾಕದಲ್ಲೇ ಇದ್ದರೂ ಜಲಪಾತದ ಮುಂದೆ ನಿಂತಾಗ ನನಗೆ ಒಂದು ಸಾಲೂ ಹೊಳೆದಿಲ್ಲ. ಫೋಟೋ ತೆಗೆಯುವವರಿಗೆ ದಾರಿ ಬಿಡುವುದರಲ್ಲೇ ಹೊತ್ತು ಹೋಗಿದೆ. ನನ್ನ ಕವಿತೆ ಹುಟ್ಟುವುದು ಬಸ್ಸಿನಲ್ಲಿ. ಹುಕ್ಕೇರಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು ದಿನಾ ಗೋಕಾಕದಿಂದ ಹೋಗಿಬರುವಾಗ, ಹಿಂದಿನ ಗಾಲಿಯ ಮೇಲಿನ ಸೀಟಿನಲ್ಲಿ ಕುಲುಕಾಡುತ್ತ ಡೈರಿಯಲ್ಲಿ ಗೀಚಿದ್ದೇ ನನ್ನ ಕಾವ್ಯ. ಎಷ್ಟೋ ಸಲ ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ. ಅಂಥಲ್ಲಿ ಬಾಯಿಗೆ ಬಂದ ಪದ ಸೇರಿಸುತ್ತೇನೆ. ಗೋಷ್ಠಿಯೊಂದರ ಅಧ್ಯಕ್ಷರು ಅದನ್ನೇ "ಅನಿರೀಕ್ಷಿತ ಪ್ರತಿಮೆ" ಎಂದು ಹೊಗಳಿದ್ದೂ ಉಂಟು.

ಹೀಗಿರುವಾಗ ಕೊರೊನಾ ಬಂತು, ಬಸ್ಸು ನಿಂತಿತು, ಶಾಲೆಗೆ ಬೀಗ ಬಿತ್ತು. "ಇನ್ನೇನ್ರಿ ಸರ, ಆರಾಮ ಅದೀರಿ, ಒಂದು ಮಹಾಕಾವ್ಯ ಬರದ ಬಿಡ್ರಿ" ಎಂದು ಫೋನ್ ಮಾಡಿದವರೆಲ್ಲ ಹುರಿದುಂಬಿಸಿದರು. ಮಹಾಕಾವ್ಯವಂತೆ! ಮನೆಯಲ್ಲಿ ಪೆನ್ನು ಹಿಡಿದರೆ ಸಾಕು, "ಖಾಲಿ ಕುಂತೀರಿ, ಬಳ್ಳೊಳ್ಳಿ ಸುಲೀರಿ" ಎಂದು ಹೆಂಡತಿ ಮಹಾದೇವಿ ಬುಟ್ಟಿ ತಂದಿಡುತ್ತಿದ್ದಳು. ಟೀವಿ ಹಚ್ಚಿದರೆ ಬರೀ ಸಾವಿನ ಸುದ್ದಿ. ಇಪ್ಪತ್ತು ದಿನ ಒಂದು ಸಾಲೂ ಬರಲಿಲ್ಲ. ಖರೆ ಹೇಳುತ್ತೇನೆ, ನಾನು ಹೆದರಿದ್ದೆ. ನಾನು ಕವಿಯೇ ಅಲ್ಲ, ಇಷ್ಟು ವರ್ಷ ಬರೆದದ್ದೆಲ್ಲ ಆ ಬಸ್ಸೇ ಎಂದು ಎಲ್ಲಿ ಸಾಬೀತಾಗಿಬಿಡುತ್ತದೋ ಎಂಬ ಹೆದರಿಕೆ.

ಎದುರುಮನೆಯ ಭೀಮಪ್ಪನ ಟಂಟಂ ಬೇವಿನ ಗಿಡದ ಕೆಳಗೆ ನಿಂತಿತ್ತು. ಗೋಕಾಕ–ಅರಭಾವಿ ನಡುವೆ ಕಾಲೇಜಿನವರನ್ನು ತುಂಬಿಕೊಂಡು ಓಡುತ್ತಿದ್ದ ಆ ಮೂರು ಗಾಲಿಯ ಗಾಡಿಯನ್ನು ಅವನು ಈಗ ದಿನಾ ತೊಳೆದು, ಒರೆಸಿ, ನೋಡುತ್ತ ಕೂಡುತ್ತಿದ್ದ. ಒಂದು ಮುಂಜಾನೆ ಮಾಸ್ಕು ಏರಿಸಿಕೊಂಡು, ಡೈರಿ ಹಿಡಿದು, ಹೋಗಿ ಹಿಂದಿನ ಸೀಟಿನಲ್ಲಿ ಕುಳಿತೇಬಿಟ್ಟೆ.

"ಎಲ್ಲಿಗ್ರಿ ಸರ?"

"ಎಲ್ಲಿಗೂ ಇಲ್ಲೋ ಭೀಮಪ್ಪ. ಬರಿಯಾಕ ಬಂದೇನಿ."

ಅವನು ನಗಲಿಲ್ಲ. "ಕೂಡ್ರಿ. ಬ್ಯಾಟರಿ ಇಳೀಬಾರ್ದಂತ ದಿನಾ ಒಮ್ಮಿ ಚಾಲೂ ಮಾಡ್ತೇನಿ" ಎಂದು ಮುಂದೆ ಕುಳಿತು ಎಂಜಿನ್ ಹಚ್ಚಿದ. ಗಾಡಿ ಗಡಗಡ ನಡುಗಿತು. ಆಹಾ! ಡೈರಿ ಕುಣಿಯಿತು, ಅಕ್ಷರ ಕೆಟ್ಟವು, ಕವಿತೆ ಬಂತು! ಎಂಟು ದಿನ ಬಿಡದೆ ಹೋಗಿ ಕುಳಿತೆ. ಓಣಿಯವರು "ಸರ್‌ಗ ತಲಿ ಕೆಟ್ಟೈತಿ" ಎಂದರು. ಅನ್ನಲಿ ಬಿಡಿ! ಎಂಟನೆಯ ದಿನ ಮೂವತ್ತೆರಡು ಸಾಲಿನ ಕವಿತೆ ಸಿದ್ಧವಾಯಿತು, ಆ ನಿಂತ ಗಾಡಿಯ ಬಗ್ಗೆಯೇ.

ಅದೇ ವಾರ ನಮ್ಮ ಮೂರು ತಾಲೂಕಿನ ಕವಿಗಳ ವಾಟ್ಸಾಪ್ ಗುಂಪಿನಲ್ಲಿ ಆನ್‌ಲೈನ್ ಕವಿಗೋಷ್ಠಿಯ ಘೋಷಣೆಯಾಯಿತು. ಓದಿದ ಕವಿತೆಗಳೆಲ್ಲ ಪುಸ್ತಕವಾಗುತ್ತವಂತೆ. ಹದಿನೈದು ವರ್ಷ ಬರೆದರೂ ಪುಸ್ತಕದಲ್ಲಿ ಅಚ್ಚಾದ ಕವಿತೆ ನನ್ನದೊಂದೂ ಇಲ್ಲ. ಕೂಡಲೇ ಕಳಿಸಿದೆ. ಮೂಡಲಗಿಯಲ್ಲಿರುವ ಗುಂಪಿನ ಅಡ್ಮಿನ್ ಸಾಹೇಬರು ಫೋನ್ ಮಾಡಿದರು.

"ಕವಿತಾ ಚಲೋ ಐತ್ರಿ. ಆದ್ರ ಜಾಗೃತಿ ಇಲ್ಲ. ಕಡೀಕ ನಾಕು ಸಾಲು, ಕೈ ತೊಳಕೊಳ್ರಿ, ಮನ್ಯಾಗ ಇರ್ರಿ ಅಂತ ಸೇರಸ್ರಿ. ಇಲ್ಲಂದ್ರ ಪುಸ್ತಕದಾಗ ಬರಂಗಿಲ್ಲ."

ಐದು ನಿಮಿಷದ ಕೆಲಸ. ಆದರೆ ನನಗೆ ಸಿಟ್ಟು ನೆತ್ತಿಗೇರಿತು. "ಕೈ ನಾನೂ ದಿನಕ್ಕ ಇಪ್ಪತ್ತು ಸಲ ತೊಳೀತೇನ್ರಿ, ಕವಿತಾದಾಗ ತೊಳ್ಯಂಗಿಲ್ಲ! ಯಾರರ ಹೇಳಿದ್ದು ಸೇರಸಾಕ ಇದೇನು ಸಾರೇನ್ರಿ? ಬೇಕಾದ್ರ ತಗೋರಿ, ಬ್ಯಾಡಂದ್ರ ಬಿಡ್ರಿ!" ಎಂದೆ. ಅವರು ಬಿಟ್ಟರು.

ಬಿಟ್ಟರೆ ಬಿಡಲಿ! ಅವರ ಗೋಷ್ಠಿ ಶುರುವಾಗುವ ಹನ್ನೊಂದು ಗಂಟೆಗೇ ನಾನು ಟಂಟಂನಲ್ಲಿ ನನ್ನ ಗೋಷ್ಠಿ ನಡೆಸಿದೆ. ಚಾಲಕನ ಸೀಟಿನಲ್ಲಿ ಭೀಮಪ್ಪ, ನಮ್ಮ ಮನೆಯ ಕಟ್ಟೆಯ ಮೇಲೆ ಬುಟ್ಟಿ ಸಮೇತ ಮಹಾದೇವಿ. ಓಣಿಗೆಲ್ಲ ಕೇಳುವಂತೆ ಮೂವತ್ತೆರಡೂ ಸಾಲು ಓದಿದೆ.

"ಹೆಂಗಾತೋ?"

"ಗಾಡಿ ಐತಿ, ಬೇವಿನ ಗಿಡ ಐತಿ, ಕಾಲೇಜಿನವ್ರು ಅದಾರ," ಎಂದ ಭೀಮಪ್ಪ. "ನಾ ಎಲ್ಲಿ ಅದೇನ್ರಿ ಸರ?"

"'ಮೌನ ಸಾರಥಿ' ಅಂದೇನಲ್ಲ, ಅಂವನ ನೀನು."

"ನಾ ಎಲ್ಲಿ ಮೌನ ಇದ್ನಿರಿ? ಎಂಟ ದಿನಾ ಮಾತಾಡೇನಿ. ದಂಧೆ ನಿಂತೈತಿ, ಕೈಕಾಲು ಆಡವಲ್ವು, ಮನ್ಯಾಗ ಮಾರಿ ತೋರ್ಸಾಕ ನಾಚಿಕಿ ಬರ್ತೈತಿ ಅಂತ ಎಲ್ಲಾ ಹೇಳೇನಿ. ನೀವು ಹ್ಞೂಂ ಹ್ಞೂಂ ಅನಕೋತ ಬರಕೋತ ಕುಂತಿದ್ರಿ. ಅದನ್ನ ಹಾಕ್ರಿ. ನನ್ನ ಹೆಸರೂ ಹಾಕ್ರಿ."

ಅವನು ಹೇಳಿದ್ದರಲ್ಲಿ ಒಂದು ಮಾತೂ ನನ್ನ ನೆನಪಿನಲ್ಲಿರಲಿಲ್ಲ. ಆದರೂ ಗತ್ತು ಬಿಡದೆ, "ಕವಿತಾದಾಗ ಹಂಗ ಯಾರರ ಹೇಳಿದ್ದು ಸೇರಸಾಕ ಬರಂಗಿಲ್ಲೋ" ಎಂದೆ.

"ಹಂಗಾರ ಇಳೀರಿ," ಎಂದ ಭೀಮಪ್ಪ.

ಮಹಾದೇವಿ ಬಳ್ಳೊಳ್ಳಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನಾನು ಒಂದು ಕಾಲು ಕೆಳಗಿಟ್ಟೆ. ಮತ್ತೆ ಮೇಲೆಳೆದುಕೊಂಡೆ. ಡೈರಿ ತೆರೆದು 'ಮೌನ ಸಾರಥಿ'ಯನ್ನು ಹೊಡೆದುಹಾಕಿ 'ಭೀಮಪ್ಪ' ಎಂದು ಬರೆದೆ. "ಏನಂದಿದ್ದೆಪಾ? ಮತ್ತೊಮ್ಮಿ ಹೇಳು, ಸಾವಕಾಶ ಹೇಳು" ಎಂದೆ.

ಅವನು ಹೇಳಿದ. ನಾಲ್ಕು ಸಾಲು ಸೇರಿಸಲಾರೆ ಎಂದು ಮೂರು ತಾಲೂಕಿಗೆ ಸೆಡ್ಡು ಹೊಡೆದಿದ್ದ ನಾನು ಅವತ್ತು ಹನ್ನೊಂದು ಸಾಲು ಸೇರಿಸಿದೆ. ಅದರಲ್ಲಿ ಒಂದೂ ನನ್ನದಲ್ಲ.