ಆಮೆಯ ಎಣ್ಣೆ ತಣಿಸಿದ ಪ್ರಸಂಗ

ದೊಡ್ಡ ಮನುಷ್ಯರ ಹೆಸರನ್ನು ರಸ್ತೆಗೆ ಇಡುವುದು ಅವರು ಸತ್ತ ಮೇಲೆ. ನನಗೆ ಮಾತ್ರ ಆ ಗೌರವ ಬದುಕಿರುವಾಗಲೇ ಸಿಕ್ಕಿದೆ. ಕೊಚಬಾಂಬಾದಿಂದ ಒರೂರೊ ಕಡೆಗೆ ಘಟ್ಟ ಹತ್ತುವಾಗ, ನೆತ್ತಿ ಇನ್ನೇನು ಬಂತು ಅನ್ನುವಲ್ಲಿ ಒಂದು ತಿರುವಿದೆ. ಲಾರಿಯವರು ಅದನ್ನು ‘ಮೇಷ್ಟ್ರ ತಿರುವು’ ಎನ್ನುತ್ತಾರೆ. ಆ ಮೇಷ್ಟ್ರು ನಾನೇ. ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದ ನಾನು ಭೂಗೋಳಕ್ಕೆ ಸೇರಿಸಿದ್ದು ಅದೊಂದೇ.

ಸೇರಿಸಿದ ಬಗೆ ಹೀಗೆ. ನಮ್ಮ ಅತ್ತೆ ದೋನ್ಯಾ ಬಾಸಿಲಿಯಾ ಇರುವುದು ಘಟ್ಟದ ಆಚೆ, ಕರಕೋಯೊದಲ್ಲಿ. ಪ್ರತಿ ಮಾರ್ಚ್‌ನಲ್ಲಿ ಅವರ ಹುಟ್ಟುಹಬ್ಬಕ್ಕೆ ನಾನೂ ನನ್ನ ಹೆಂಡತಿ ಸೆನೋಬಿಯಾಳೂ ನಮ್ಮ ಕಾರಿನಲ್ಲಿ ಹೊರಡುತ್ತೇವೆ. ಗುಂಡು ಬೆನ್ನು, ಹಿಂದುಗಡೆ ಎಂಜಿನ್. ನಮ್ಮ ಬೊಲಿವಿಯಾದಲ್ಲಿ ಎಲ್ಲರೂ ಇಂಥ ಕಾರನ್ನು ‘ಪೆತಾ’, ಅಂದರೆ ಆಮೆ ಅಂತಲೇ ಕರೆಯುವುದು. ಆ ತಿರುವಿಗೆ ಬರುವಷ್ಟರಲ್ಲಿ ಎಂಜಿನ್ ಎಣ್ಣೆ ಕಾದು ನೀರಿನಷ್ಟು ತೆಳ್ಳಗಾಗಿ, ಎದುರಿನ ಫಲಕದಲ್ಲಿ ಎಣ್ಣೆಯ ಎಚ್ಚರಿಕೆ ದೀಪ ಕಣ್ಣು ಹೊಡೆಯತೊಡಗುತ್ತದೆ. (ಈ ವಯಸ್ಸಿನಲ್ಲಿ ನನಗೆ ಕಣ್ಣು ಹೊಡೆಯುವುದು ಅದೊಂದೇ.) ನಿಲ್ಲಿಸುತ್ತೇನೆ. ಆಚೆಯಿಂದ ಭಾವಮೈದ ರುಪೆರ್ತೊ ಲಾರಿ ತಂದು, ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಾನೆ. ಹತ್ತೊಂಬತ್ತು ವರ್ಷದಿಂದ ನಾನು ಅತ್ತೆ ಮನೆ ಸೇರುವುದು ಸಂತೆಗೆ ಹೊರಟ ಕರುವಿನ ಹಾಗೆ, ಹಗ್ಗದ ತುದಿಯಲ್ಲಿ.

ಈ ವರ್ಷ ಅತ್ತೆಗೆ ಎಂಬತ್ತು. ಇಡೀ ಬಂಧುಬಳಗ ಸೇರುತ್ತದೆ. ಅಷ್ಟು ಜನರ ಮುಂದೆ ನಾನು ಹಗ್ಗದಲ್ಲಿ ಬರಲಾರೆ, ಬಂದರೆ ಸ್ವಂತ ಎಂಜಿನ್ನಿನಲ್ಲೇ ಬರುತ್ತೇನೆ ಎಂದು ಭೀಷಣ ಪ್ರತಿಜ್ಞೆ ಮಾಡಿದೆ. ದಾರಿ ಒಂದೇ: ಕಾರಿಗೊಂದು ಆಯಿಲ್ ಕೂಲರ್ ಹಾಕಿಸುವುದು. ಎಣ್ಣೆಯನ್ನು ಹೊರಗಡೆ ಒಂದು ಪುಟ್ಟ ಜಾಲರಿಯಲ್ಲಿ ಸುತ್ತಾಡಿಸಿ, ಗಾಳಿಗೆ ತಣಿಸಿ, ಮತ್ತೆ ಒಳಗೆ ಕಳಿಸುವ ಯಂತ್ರ ಅದು.

"ಹಾಕಿಸಿ, ಯಾರು ಬೇಡ ಅಂದ್ರು?" ಅಂದಳು ಸೆನೋಬಿಯಾ, ಆಲೂಗಡ್ಡೆ ಸುಲಿಯುತ್ತ. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ನಾನು ಕಲಿತ ಮೊದಲ ಪಾಠ: ಆಕೆ ಹೀಗಂದರೆ ಬೇಡ ಎಂದರ್ಥ.

"ಯಾಕೆ, ಏನು ತೊಂದ್ರೆ?"

"ತೊಂದ್ರೆ ನಂಗೇನು? ಘಟ್ಟ ಹತ್ತೋದು ವರ್ಷಕ್ಕೊಂದು ದಿನ. ಮಿಕ್ಕಿದ್ದೆಲ್ಲ ದಿನ ಮಾರ್ಕೆಟ್ಟು, ಚರ್ಚು, ಮನೆ. ಒಂದು ದಿನ ಸೆಕೆ ಆಗತ್ತೆ ಅಂತ ನೀವು ವರ್ಷವೆಲ್ಲ ಬರೀ ಮೈಯಲ್ಲಿ ಓಡಾಡ್ತೀರಾ?"

ಅವಳ ಮಾತು ಸುಳ್ಳಲ್ಲ. ಚಳಿಯಲ್ಲಿ ಎಣ್ಣೆ ಬಿಸಿಯಾಗದೆ ಗಟ್ಟಿಯಾಗೇ ಇದ್ದರೂ ಎಂಜಿನ್‌ಗೆ ಕೇಡು. ನಾನು ಹಿತ್ತಲಿನ ಹಳೆ ಕರಿಹಲಗೆ ತೆಗೆದು, ನಡುವೆ ಗೆರೆ ಎಳೆದು, ಎಡಕ್ಕೆ ‘ಬೇಕು’, ಬಲಕ್ಕೆ ‘ಬೇಡ’ ಎಂದು ಬರೆದೆ. ‘ಬೇಡ’ದ ಕಡೆ ಪಟ್ಟಿ ಬೆಳೆಯಿತು: ಹೊಸ ಕೊಳವೆ, ಹೊಸ ಬೆಸುಗೆ, ಒಂದೊಂದೂ ಎಣ್ಣೆ ಸೋರುವುದಕ್ಕೆ ಹೊಸ ಜಾಗ. ‘ಬೇಕು’ ಕಡೆ ಒಂದೇ ಪದ: ಮಾನ. ಮೂರು ದಿನ ಆ ಹಲಗೆಯ ಮುಂದೆ ಕೂತು ಯೋಚಿಸಿದೆ. ಆಗ ಹೊಳೆದದ್ದು, ನನ್ನ ಚಿಂತೆ ಎಂಜಿನ್ನಿನದಾಗಿರಲೇ ಇಲ್ಲ. ಎಣ್ಣೆ ಎಷ್ಟು ಕಾದರೂ ನನಗೆ ಬೇಸರವಿರಲಿಲ್ಲ. ಹಗ್ಗ ಬಿಗಿಯುವಾಗ ರುಪೆರ್ತೊ ನಗುತ್ತಾನಲ್ಲ, ಅದರಿಂದ ನನ್ನ ಹೊಟ್ಟೆ ಕಾಯುತ್ತಿತ್ತು. ಅದಕ್ಕೆ ಕೂಲರ್ ಎಲ್ಲಿ ಸಿಗಬೇಕು?

ನಾಲ್ಕನೇ ದಿನ ಸೆನೋಬಿಯಾ ಹಲಗೆ ಒರೆಸಿ ಅದರ ಮೇಲೆ ಕಾಳು ಒಣಹಾಕಿದಳು. "ಯೋಚ್ನೆ ಸಾಕು. ಬಲ್ಲೋರನ್ನ ಕೇಳಿ" ಅಂದಳು. ಇಬ್ಬರೂ ಮೆಕ್ಯಾನಿಕ್ ಪ್ಲಾಸಿದೊನ ಗ್ಯಾರೇಜಿಗೆ ಹೋದೆವು. ಒಂದು ಕಾಲಕ್ಕೆ ಅವನು ನನ್ನ ಶಿಷ್ಯ.

"ಕೂಲರ್ ಹಾಕೋಣ ಮೇಷ್ಟ್ರೇ, ಅದಕ್ಕೇನು? ಆದ್ರೆ ಹುಟ್ಟಿದಾಗಿಂದ ಇದ್ರಲ್ಲಿ ಒಂದು ಇದ್ಯಲ್ಲ, ಅದನ್ನೊಂದು ಸಲ ನೋಡ್ಬಿಡ್ಲಾ?"

"ಇದ್ಯಾ?" ಅಂದೆ.

"ಇದ್ಯಾ?" ಅಂದಳು ಸೆನೋಬಿಯಾ. ಅವಳು ಕೇಳಿದ್ದು ಅವನನ್ನಲ್ಲ, ನನ್ನನ್ನು.

ಫ್ಯಾನಿನ ತಗಡು ಬಿಚ್ಚಿದರೆ ಒಳಗೆ ನಿಜಕ್ಕೂ ಒಂದು ಕೂಲರ್ ನಿಂತಿತ್ತು. ಆದರೆ ಅದರ ಸಂದು ಸಂದಿನಲ್ಲೂ ಬಣ್ಣದ ಕಾಗದದ ಚೂರು ಗಾರೆ ಹಾಕಿದ ಹಾಗೆ ಕೂತಿತ್ತು. ಪ್ಲಾಸಿದೊ ಗಾಳಿಯ ಪೈಪು ತಂದು ಊದಿದ. ಕೆಂಪು, ಹಳದಿ, ಹಸಿರು ಚೂರುಗಳು ಇಡೀ ಗ್ಯಾರೇಜಿನ ಮೇಲೆ, ನನ್ನ ಬೋಳು ತಲೆಯ ಮೇಲೆ, ಸೆನೋಬಿಯಾಳ ಹ್ಯಾಟಿನ ಮೇಲೆ ಉದುರಿದವು.

"ಮೇಷ್ಟ್ರೇ, ಕಾರ್ನಿವಲ್ ಮಂಗಳವಾರ ಕಾರಿಗೆ ಚಾಯ್ಯಾ ಮಾಡ್ತೀರಲ್ಲ, ಕಾಗದದ ಚೂರು ಎಲ್ಲಿಗೆ ಹಾಕ್ತೀರಿ?"

ಮನೆಗೆ, ಅಂಗಡಿಗೆ, ಕಾರಿಗೆ ಮದ್ಯ ಚಿಮುಕಿಸಿ, ಬಣ್ಣದ ಚೂರು ಎರಚಿ, ವರ್ಷ ಒಳ್ಳೆಯದಾಗಲಿ ಅಂತ ಭೂತಾಯಿಯನ್ನು ಕೇಳಿಕೊಳ್ಳುವ ಆ ದಿನ ಎಲ್ಲರೂ ಕಾರಿನ ತಲೆಯ ಮೇಲೆ ಎರಚಿ ಸುಮ್ಮನಾಗುತ್ತಾರೆ. ನಾನು ಮೇಷ್ಟ್ರು, ಯಾವುದನ್ನೂ ಅರೆಬರೆ ಮಾಡಿದವನಲ್ಲ. ಎಂಜಿನ್ ಚಾಲೂ ಮಾಡಿ, ಹಿಂದಿನ ಮುಚ್ಚಳ ಎತ್ತಿ, ಬೊಗಸೆ ತುಂಬ ಒಳಗೇ ಅರ್ಪಿಸುತ್ತಿದ್ದೆ. ಫ್ಯಾನು ಗಬಕ್ಕನೆ ನುಂಗುತ್ತಿತ್ತು. ಭೂತಾಯಿ ಸ್ವೀಕರಿಸಿದಳು ಎಂದು ಕೈಮುಗಿಯುತ್ತಿದ್ದೆ.

ಸೆನೋಬಿಯಾ ಗ್ಯಾರೇಜಿನ ಟೈರಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಅಯ್ಯೋ ದೇವ್ರೇ, ಪಾಪದ ಆಮೆಗೆ ಹತ್ತೊಂಬತ್ತು ವರ್ಷ ಅಜೀರ್ಣ!"

"ಹೊಸದು ಬೇಡ ಮೇಷ್ಟ್ರೇ," ಅಂದ ಪ್ಲಾಸಿದೊ. "ಇರೋದಕ್ಕೇ ಉಸಿರಾಡೋಕೆ ಬಿಡಿ."

ಹುಟ್ಟುಹಬ್ಬದ ದಿನ ಬೆಳಗ್ಗೆ ಹೊರಟೆವು. ಸೆನೋಬಿಯಾ ಶಾಲು ಹೊದ್ದು, ಎಂದಿನಂತೆ ಊರು ದಾಟುವ ಮೊದಲೇ ನಿದ್ದೆಹೋದಳು. ಆಮೆ ಹತ್ತಿತು. ಮತ್ತೂ ಹತ್ತಿತು. ಎಣ್ಣೆ ದೀಪ ಕಣ್ಣು ಪಿಳುಕಿಸಲಿಲ್ಲ. ಎದೆ ಉಬ್ಬಿ ಸೀಟಿನ ಬೆಲ್ಟು ಬಿಗಿಯಾಯಿತು. ನನ್ನ ತಿರುವಿನಲ್ಲಿ ಮಂಜು ಕವಿದಿತ್ತು. ಅದರಲ್ಲಿ ಯಾರದೋ ಲಾರಿ, ಸುತ್ತ ಒಂದಿಷ್ಟು ಜನ, ಕುರ್ಚಿಯ ಮೇಲೊಬ್ಬ ಹ್ಯಾಟಿನ ಅಜ್ಜಿ, ಎರಡೂ ಕೈ ಬೀಸುತ್ತಿದ್ದಳು. ಪಾಪ, ಗಾಡಿ ಕೆಟ್ಟಿದೆ, ನನ್ನಂಥವರೇ ಯಾರೋ ಅಂದುಕೊಂಡೆ. ನಿಲ್ಲಿಸಲೇ? ಇವತ್ತು ಈ ತಿರುವಿನಲ್ಲಿ ನಿಲ್ಲುವವನು ನಾನಲ್ಲ! ಮಹಾರಾಜರ ಹಾಗೆ ಕೈ ಬೀಸಿ, ಹಾರ್ನ್ ಹೊಡೆದು, ಮುಂದೆ ಹೋದೆ.

ಕರಕೋಯೊದಲ್ಲಿ ಅತ್ತೆ ಮನೆಗೆ ಬೀಗ.

ಸೆನೋಬಿಯಾ ಕಣ್ಣುಜ್ಜಿಕೊಂಡು ಎದ್ದಳು. "ಇದೇನ್ರೀ, ತಿರುವು ಬರ್ಲೇ ಇಲ್ಲ! ಅಲ್ಲಿ ನಿಲ್ಲಿಸಿದಾಗ ತಾನೇ ನಂಗೆ ಎಚ್ಚರ ಆಗೋದು?"

ಪಕ್ಕದ ಮನೆಯಾಕೆ ಕಿಟಕಿಯಿಂದ ಕತ್ತು ಹಾಕಿದಳು. "ನೀವ್ ಹೆಂಗೆ ಇಲ್ಲಿಗೆ ಬಂದ್ರಿ ಮೇಷ್ಟ್ರೇ? ಎಲ್ಲಾ ನಿಮ್ ತಿರುವಿಗೇ ಹೋಗವ್ರೆ. ಅಳಿಯಂದ್ರು ಹೆಂಗಿದ್ರೂ ಅಲ್ಲಿ ನಿಲ್ತಾರೆ, ಪ್ರತಿ ವರ್ಷ ಚಳೀಲಿ ಒಬ್ರೇ ಕಾಯ್ತಾರೆ, ಈ ಸಲ ನಾವೇ ಅಲ್ಲಿಗೆ ಹೋಗಿ ಹಬ್ಬ ಮಾಡಾಣ ಅಂತ ಅಜ್ಜಿ ಹಟ ಹಿಡಿದ್ರು. ಕೇಕು, ಕುರ್ಚಿ, ಪಾತ್ರೆ ಎಲ್ಲ ಲಾರಿಗೆ ಹಾಕ್ಕೊಂಡು ಹೋದ್ರು."

ಹತ್ತೊಂಬತ್ತು ವರ್ಷ ಅವರು ನನ್ನನ್ನು ನೋಡಿ ನಗುತ್ತಿದ್ದಾರೆ ಅಂದುಕೊಂಡಿದ್ದೆ. ಆ ಮುದುಕಿ ನನ್ನ ಚಳಿಯನ್ನು ಲೆಕ್ಕ ಇಡುತ್ತಿದ್ದಳು. ಅವಳಿಗೇ ನಾನು ಮಹಾರಾಜರ ಕೈ ಬೀಸಿ ಬಂದಿದ್ದೆ. ನಾಚಿಕೆಯಾಯಿತು, ಅಳುವೂ ಬಂತು.

"ತಿರುಗ್ಸಿ ಗಾಡಿ" ಅಂದಳು ಸೆನೋಬಿಯಾ, ಅಷ್ಟೇ.

ಮಂಜು ಹರಿದಿತ್ತು. ತಿರುವಿನಲ್ಲಿ ಇಪ್ಪತ್ತು ಮಂದಿ ಮೆಕ್ಕೆಜೋಳದ ಬಿಸಿ ಪಾನಕ ಆಪಿ ಕುಡಿಯುತ್ತ ನಿಂತಿದ್ದರು. ಅತ್ತೆ ಕುರ್ಚಿಯಿಂದ ಏಳಲಿಲ್ಲ.

"ಬನ್ನಿ ಅಳಿಯಂದ್ರೇ. ಇಷ್ಟು ವರ್ಷ ತಪ್ಪದೆ ನಿಂತ್ರಿ. ನಾನು ಬಂದು ಕೂತ ದಿನಾನೇ ನಿಲ್ಲಲಿಲ್ಲ."

"ತಪ್ಪಾಯ್ತು ಅತ್ತೆ. ಗಾಡಿ ಸರಿಹೋಯ್ತು" ಅಂದೆ. ಇದಕ್ಕಿಂತ ವಿಚಿತ್ರವಾದ ಕ್ಷಮಾಪಣೆಯನ್ನು ಯಾವ ಅಳಿಯನೂ ಕೇಳಿರಲಾರ.

ಕೇಕು ಕತ್ತರಿಸಿದೆವು, ಕುಣಿದೆವು. ಹೊರಡುವಾಗ ಅತ್ತೆ ನನ್ನ ಕಾರಿನಲ್ಲೇ ಬರುತ್ತೇನೆಂದರು. ನಾನು ಹಿಗ್ಗಿ ಬಾಗಿಲು ತೆರೆದೆ. ಅವರು ಒಂದು ಕಾಲು ಒಳಗಿಟ್ಟು ತಿರುಗಿದರು.

"ರುಪೆರ್ತೊ, ಹಗ್ಗ ಕಟ್ಟೋ."

"ಅತ್ತೆ, ಕಾರು ಚೆನ್ನಾಗಿದೆ! ಈಗ ತಾನೆ ಘಟ್ಟ ಹತ್ತಿ ಬಂದಿದೆ!"

"ಇರ್ಬೋದಪ್ಪ. ಎಂಬತ್ತು ತುಂಬಿದ್ದು ಇವತ್ತು. ಎಂಬತ್ತೊಂದೂ ನೋಡ್ಬೇಕು ನಾನು."

ರುಪೆರ್ತೊ ಹಗ್ಗ ಬಿಗಿದ. "ಸ್ಟೇರಿಂಗ್ ನೇರ ಹಿಡ್ಕೊಳಿ ಭಾವ" ಅಂದ, ಎಂದಿನಂತೆ. ಪಕ್ಕದಲ್ಲಿ ಅತ್ತೆ ನಿಶ್ಚಿಂತೆಯಿಂದ ಕೂತರು. ಹಿಂದೆ ಸೆನೋಬಿಯಾ ಶಾಲಿನೊಳಗೆ ನಗುತ್ತಿದ್ದಳು. ಒಂದು ಕುಂದೂ ಇಲ್ಲದ ಎಂಜಿನ್ ಆಫ್ ಮಾಡಿಕೊಂಡು ನಾನು ಘಟ್ಟ ಹತ್ತಿದೆ. ಎದುರಿಗೆ ಬಂದ ಲಾರಿಯವರಿಗೆಲ್ಲ ಕಿಟಕಿಯಿಂದ ತಲೆ ಹಾಕಿ "ಗಾಡಿ ಸರಿಯಾಗಿದೆ! ಏನೂ ಕೆಟ್ಟಿಲ್ಲ!" ಎಂದು ಕೂಗುತ್ತಿದ್ದೆ. ಅವರೂ ಮರ್ಯಾದಸ್ಥರು. "ಹೌದು ಮೇಷ್ಟ್ರೇ, ಹೌದೌದು" ಅಂತ ತಲೆಯಾಡಿಸಿ ಹೋದರು.